ಡೋಸ್ ಏರಿಸುವ ಮೊದಲು ನಿದ್ದೆಯ ಲೆಕ್ಕ ನೋಡಿ

ಪ್ರಶ್ನೆ: ನನಗೆ 31 ವರ್ಷ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಂಚಲತೆಯ ತೊಂದರೆ) ಇರುವುದು ಎರಡು ವರ್ಷದ ಹಿಂದೆ ಗೊತ್ತಾಯಿತು. ಅದಕ್ಕೆ ಕೊಟ್ಟಿರುವ, ಹನ್ನೆರಡು ಗಂಟೆ ಕೆಲಸ ಮಾಡುವ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಬೆಳಗ್ಗೆ 8.30ಕ್ಕೆ ತೆಗೆದುಕೊಳ್ಳುತ್ತೇನೆ. ರಜೆ ದಿನ ಎದ್ದ ಮೇಲೆ, ಅಂದರೆ 11ರ ಹೊತ್ತಿಗೆ. ರಾತ್ರಿ 11.30ಕ್ಕೆ ಮಲಗಿದರೂ 2 ಗಂಟೆಯವರೆಗೆ ಕಣ್ಣು ಹತ್ತುವುದಿಲ್ಲ. ಬೆಳಗ್ಗೆ 7ಕ್ಕೆ ನಾಲ್ಕು ಅಲಾರಂ ಬಡಿದುಕೊಂಡ ಮೇಲೆ ಏಳುತ್ತೇನೆ. ರಜೆ ದಿನ ಮಾತ್ರ 2.30ರಿಂದ 10.30ರವರೆಗೆ ಒಳ್ಳೆ ನಿದ್ದೆ. ಈಚೆಗೆ ಕೆಲಸದಲ್ಲಿ ತಪ್ಪು ಜಾಸ್ತಿಯಾಗಿದೆ. ಒಂದೇ ಪ್ಯಾರಾ ಮೂರು ಸಲ ಓದುತ್ತೇನೆ, ಮೀಟಿಂಗಿನಲ್ಲಿ ಕೇಳಿದ್ದು ಐದು ನಿಮಿಷಕ್ಕೆ ಹಾರಿಹೋಗುತ್ತದೆ. ಮಾತ್ರೆಯ ಡೋಸ್ ಸಾಲುತ್ತಿಲ್ಲವೇ? ಮಲಗುವಾಗ 10 ಮಿಲಿಗ್ರಾಂ ಮೆಲಟೋನಿನ್ (ಕತ್ತಲಾದಾಗ ದೇಹ ತಾನೇ ಸುರಿಸುವ ಹಾರ್ಮೋನಿನ ಮಾತ್ರೆ) ತೆಗೆದುಕೊಂಡು ನೋಡಿದೆ. ನಿದ್ದೆಯೂ ಬೇಗ ಬರಲಿಲ್ಲ, ಬೆಳಗ್ಗೆ ತಲೆ ಭಾರ.

ಉತ್ತರ: ನಿಮ್ಮ ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ರಜೆ ದಿನ ಎಂಟು ಗಂಟೆ ಒಳ್ಳೆ ನಿದ್ದೆ ಬರುತ್ತದೆ ಎಂದಿದ್ದೀರಿ. ಸಾಮಾನ್ಯ ನಿದ್ರಾಹೀನತೆ ಇರುವವರಿಗೆ ರಜೆ ಬಂದರೂ ನಿದ್ದೆ ಸರಿಹೋಗುವುದಿಲ್ಲ. ನಿಮ್ಮಲ್ಲಿ ನಿದ್ದೆ ಕೆಟ್ಟಿಲ್ಲ, ಅದು ಬರುವ ಹೊತ್ತು ತಡವಾಗಿದೆ. ಇದಕ್ಕೆ ಡಿಲೇಡ್ ಸ್ಲೀಪ್ ಫೇಸ್ ಎನ್ನುತ್ತಾರೆ. ಈಗ ಲೆಕ್ಕ ಹಾಕಿ: ಕೆಲಸದ ದಿನ 2ರಿಂದ 7, ಐದೇ ಗಂಟೆ. ರಜೆಯ ಎಂಟು ಗಂಟೆಯಲ್ಲಿ ವಾರದ ಸಾಲ ತೀರಿಸುವ ಪಾಲೂ ಇರುತ್ತದೆ, ಹಾಗಾಗಿ ನಿಮಗೆ ಬೇಕಾದದ್ದು ಏಳೂವರೆ ಗಂಟೆ ಎಂದೇ ಇಟ್ಟುಕೊಳ್ಳೋಣ. ಆಗಲೂ ವಾರಕ್ಕೆ ಹನ್ನೆರಡೂವರೆ ಗಂಟೆ ಕೊರತೆ ಬೀಳುತ್ತದೆ. ಈ ಸಾಲ ಹೊತ್ತುಕೊಂಡು ಡೋಸ್ ಸಾಕೋ ಸಾಲದೋ ಎಂದು ತೀರ್ಮಾನಿಸಲು ಆಗುವುದಿಲ್ಲ. ಸದ್ಯಕ್ಕೆ ಡೋಸ್ ಇದ್ದಲ್ಲೇ ಇರಲಿ.

ಈ ತೊಂದರೆ ನಿಮ್ಮೊಬ್ಬರದಲ್ಲ. ಸಂಜೆ ಬೆಳಕು ತಗ್ಗಿದ ಮೇಲೆ ಮಿದುಳು ಮೆಲಟೋನಿನ್ ಸುರಿಸಲು ಶುರುಮಾಡುವ ಹೊತ್ತನ್ನು ಅಳೆದರೆ, ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಅದು ಇತರರಿಗಿಂತ ಸುಮಾರು ಒಂದೂವರೆ ಗಂಟೆ, ಮಕ್ಕಳಲ್ಲಿ ಸುಮಾರು ಮುಕ್ಕಾಲು ಗಂಟೆ ತಡವಾಗಿರುವುದು ಕಂಡುಬಂದಿದೆ. ಎಡಿಎಚ್‌ಡಿ ಇರುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರ ದೇಹದೊಳಗಿನ ಗಡಿಯಾರ ಹೀಗೆ ತಡವಾಗಿ ಓಡುತ್ತದೆ ಎಂಬುದು ಸಂಶೋಧಕರ ಅಂದಾಜು. ಇಷ್ಟು ಸಾಮಾನ್ಯವಾದ ವಿಷಯ ರೋಗಲಕ್ಷಣಗಳ ಪಟ್ಟಿಯಲ್ಲಿ ಇಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂನ 1980ರ ಮೂರನೆಯ ಆವೃತ್ತಿಯಲ್ಲಿ ‘ನಿದ್ದೆಯಲ್ಲಿ ವಿಪರೀತ ಹೊರಳಾಟ’ ಎಂಬುದೊಂದು ಲಕ್ಷಣವಾಗಿತ್ತು. 1987ರ ಪರಿಷ್ಕರಣೆಯಲ್ಲಿ ಅದನ್ನೂ ಕೈಬಿಟ್ಟರು. ಹಾಗಾಗಿ ಎಡಿಎಚ್‌ಡಿ ತಪಾಸಣೆಯಲ್ಲಿ ನಿದ್ದೆಯ ಬಗ್ಗೆ ಯಾರೂ ಕೇಳದೇ ಹೋಗುವುದುಂಟು. ಕೇಳದಿದ್ದರೆ ನೀವೇ ಹೇಳಿ.

ಐದು ಗಂಟೆ ನಿದ್ದೆ ತಲೆಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿದ್ದೆ ಸಂಶೋಧಕರು ಬಳಸುವ ಒಂದು ಸರಳ ಪರೀಕ್ಷೆಯಿದೆ. ಹತ್ತು ನಿಮಿಷ ಪರದೆ ನೋಡುತ್ತಾ ಕೂರಬೇಕು, ಅಂಕಿ ಕಂಡ ಕೂಡಲೇ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಅದೊಂದು ‘ಜಾರಿಕೆ’. ನಿದ್ದೆಗೆಟ್ಟವರು ಪ್ರತಿ ಸಲವೂ ನಿಧಾನವಾಗುವುದಿಲ್ಲ. ಹತ್ತು ಸಲ ಚುರುಕಾಗಿ ಒತ್ತುತ್ತಾರೆ, ಹನ್ನೊಂದನೆಯ ಸಲ ಕಣ್ಣು ತೆರೆದೇ ಇದ್ದರೂ ಒಂದು ಸೆಕೆಂಡು ಅಲ್ಲಿ ಯಾರೂ ಇಲ್ಲ. ಎಡಿಎಚ್‌ಡಿಯ ಗುರುತೂ ಇದೇ: ಸರಾಸರಿ ವೇಗಕ್ಕಿಂತ ಏರಿಳಿತವೇ ಹೆಚ್ಚು ಎದ್ದು ಕಾಣುತ್ತದೆ. ಎರಡೂ ಒಂದೇ ಜಾಗದಲ್ಲಿ ಕೈಕೊಡುತ್ತವೆ, ಹಾಗಾಗಿ ಇದು ಎಡಿಎಚ್‌ಡಿಯ ತಪ್ಪು, ಇದು ನಿದ್ದೆಯ ತಪ್ಪು ಎಂದು ಒಳಗಿನಿಂದ ಬೇರ್ಪಡಿಸಿ ಹೇಳುವುದು ಕಷ್ಟ. ಮೀಟಿಂಗಿನಲ್ಲಿ ಕೇಳಿದ್ದು ಹಾರಿಹೋಗುವುದೂ ಹೀಗೆಯೇ. ವಿಷಯ ಮರೆತದ್ದಲ್ಲ, ಆ ಒಂದೆರಡು ಸೆಕೆಂಡು ಅದು ಒಳಗೆ ಬಂದೇ ಇರಲಿಲ್ಲ.

‘ನನಗೆ ಐದಾರು ಗಂಟೆ ಅಭ್ಯಾಸವಾಗಿದೆ’ ಎಂಬ ಮಾತನ್ನು ನಂಬಬೇಡಿ. 2003ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರಿಗೆ ಹದಿನಾಲ್ಕು ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಲು ಬಿಟ್ಟರು. ಕೊನೆಗೆ ಅವರ ಪರೀಕ್ಷೆಯ ಫಲ, ಎರಡು ರಾತ್ರಿಯವರೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ‘ಎಷ್ಟು ನಿದ್ದೆ ಎಳೆಯುತ್ತಿದೆ’ ಎಂದು ಕೇಳಿದರೆ ಮೊದಲ ಕೆಲವು ದಿನ ಏರಿದ ಉತ್ತರ ಆಮೇಲೆ ಹೆಚ್ಚು ಏರಲಿಲ್ಲ. ಕೆಲಸ ಕೆಡುತ್ತಲೇ ಹೋಗುತ್ತದೆ, ಕೆಡುತ್ತಿದೆ ಎಂಬ ಅರಿವು ಮಾತ್ರ ನಿಂತುಬಿಡುತ್ತದೆ. ಎಡಿಎಚ್‌ಡಿ ಇರುವವರಿಗೆ ಈ ಪೆಟ್ಟು ಇನ್ನೂ ಬೇಗ ತಟ್ಟುತ್ತದೆ. 2011ರ ಅಧ್ಯಯನವೊಂದರಲ್ಲಿ ಮಕ್ಕಳಿಗೆ ಆರು ರಾತ್ರಿ ಸುಮಾರು ಒಂದು ಗಂಟೆ ನಿದ್ದೆ ಕಡಿಮೆ ಮಾಡಿದಾಗ ಎಲ್ಲರ ಗಮನವೂ ಕುಗ್ಗಿತು. ಆದರೆ ಚಿಕಿತ್ಸೆ ಬೇಕೆನಿಸುವ ಮಟ್ಟಕ್ಕೆ ಕುಸಿದದ್ದು ಎಡಿಎಚ್‌ಡಿ ಇರುವ ಮಕ್ಕಳದು. ಅವರು ಮೊದಲೇ ಅಂಚಿನಲ್ಲಿ ನಿಂತಿದ್ದರು. ಒಂದು ಗಂಟೆ ಸಾಕಾಯಿತು.

ಹಾಗಾದರೆ ಬೇರ್ಪಡಿಸುವುದು ಹೇಗೆ? ಎರಡು ವಾರ ದಾಖಲೆ ಇಡಿ. ಆ್ಯಪ್ ಬೇಡ, ಹಾಸಿಗೆಯ ಪಕ್ಕ ಒಂದು ಹಾಳೆ ಸಾಕು. ಅದಕ್ಕೆ ಆರೇ ಕಾಲಂ: ದೀಪ ಆರಿಸಿದ್ದು, ನಿದ್ದೆ ಹತ್ತಿದ ಅಂದಾಜು ಹೊತ್ತು, ಎದ್ದದ್ದು, ಮಾತ್ರೆ ತೆಗೆದುಕೊಂಡ ಹೊತ್ತು, ಕೊನೆಯ ಕಾಫಿ ಅಥವಾ ಟೀ, ಹಗಲು ತೂಕಡಿಸಿದ್ದು. ರಾತ್ರಿ ಗಡಿಯಾರ ನೋಡಿ ಬರೆಯಬೇಡಿ, ಬೆಳಗ್ಗೆ ಅಂದಾಜಿನಲ್ಲಿ ತುಂಬಿಸಿ. ಜೊತೆಗೆ ವಾರಕ್ಕೆ ಮೂರು ದಿನ, ಬೆಳಗ್ಗೆ 10.30 ಮತ್ತು ಮಧ್ಯಾಹ್ನ 3.30ಕ್ಕೆ, ಫೋನಿನಲ್ಲಿ ಸಿಗುವ ಯಾವುದಾದರೂ ಪ್ರತಿಕ್ರಿಯಾ ವೇಗದ ಪರೀಕ್ಷೆಯನ್ನು ಐದು ನಿಮಿಷ ಮಾಡಿ. ಸರಾಸರಿಯನ್ನು ಬಿಟ್ಟುಬಿಡಿ. ಅತಿ ನಿಧಾನದ ಐದು ಸಲ ಎಷ್ಟು ಹಿಡಿಯಿತು ಎಂಬುದನ್ನಷ್ಟೇ ಬರೆದುಕೊಳ್ಳಿ; ಜಾರಿಕೆ ಅಡಗಿರುವುದು ಅಲ್ಲಿ. ಹಿಂದಿನ ರಾತ್ರಿಯ ನಿದ್ದೆಯ ಜೊತೆ ಈ ಅಂಕಿ ಏರಿಳಿದರೆ ಆ ಪಾಲು ನಿದ್ದೆಯದು. ಚೆನ್ನಾಗಿ ನಿದ್ದೆಯಾದ ದಿನವೂ ಬೇಸರದ ಕೆಲಸದಲ್ಲಿ ಮನಸ್ಸು ಓಡಿಹೋಗಿ, ಇಷ್ಟದ ಕೆಲಸದಲ್ಲಿ ನೆಟ್ಟಗೆ ನಿಂತರೆ ಅದು ಎಡಿಎಚ್‌ಡಿಯದು. ಬಾಲ್ಯದ ನೆನಪನ್ನೂ ಕೆದಕಿ ನೋಡಿ. ಎಡಿಎಚ್‌ಡಿಯ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಈಚೆಗೆ ಶುರುವಾದ ತಪ್ಪುಗಳಿಗೆ ಹೊಸ ಕಾರಣ ಇದ್ದೇ ಇರುತ್ತದೆ.

ಈಗ ಚಿಕಿತ್ಸೆಗೆ ಬರೋಣ. ಹೆಚ್ಚಿನವರು ರಾತ್ರಿಯ ತುದಿಯಿಂದ ಶುರುಮಾಡುತ್ತಾರೆ: ಬೇಗ ಮಲಗು, ಕಣ್ಣು ಮುಚ್ಚು. ಗಡಿಯಾರವೇ ತಡವಾಗಿರುವಾಗ ಇದು ಕೆಲಸ ಮಾಡುವುದಿಲ್ಲ. 11.30 ನಿಮ್ಮ ದೇಹಕ್ಕೆ ಇನ್ನೂ ಸಂಜೆ. ಎರಡೂವರೆ ಗಂಟೆ ಮಗ್ಗುಲು ಬದಲಿಸಿದರೆ ‘ಹಾಸಿಗೆ ಎಂದರೆ ಎಚ್ಚರ’ ಎಂಬ ಪಾಠವನ್ನು ಮಿದುಳು ಕಲಿಯುತ್ತದೆ, ಆಗ ಒಂದು ತೊಂದರೆ ಎರಡಾಗುತ್ತದೆ. ಗಡಿಯಾರವನ್ನು ತಿರುಗಿಸುವ ಕೀಲಿ ಬೆಳಗಿನ ತುದಿಯಲ್ಲಿದೆ, ಅದು ಬೆಳಕು.

ಆದರೆ ಬೆಳಕಿಗೆ ಒಂದು ಮಿತಿಗೆರೆ ಇದೆ. ದೇಹದ ಉಷ್ಣತೆ ಅತಿ ಕಡಿಮೆ ಇರುವ ಹೊತ್ತು ಅದು. ಅಲಾರಂ ಇಲ್ಲದೆ ತಾನಾಗಿ ಏಳುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲು ಬರುತ್ತದೆ. ಆ ಗೆರೆ ದಾಟಿದ ಮೇಲೆ ಬಿದ್ದ ಬೆಳಕು ಗಡಿಯಾರವನ್ನು ಮುಂಚೆಗೆ ತರುತ್ತದೆ. ಅದಕ್ಕೂ ಮೊದಲು ಬಿದ್ದ ಬೆಳಕು ಇನ್ನಷ್ಟು ತಡ ಮಾಡುತ್ತದೆ. ನೀವು ತಾನಾಗಿ ಏಳುವುದು 10.30ಕ್ಕೆ, ಅಂದರೆ ಗೆರೆ 8.30ರ ಆಸುಪಾಸು. ‘ಬೆಳಗ್ಗೆ 7ಕ್ಕೇ ಎದ್ದು ಬಿಸಿಲಿಗೆ ಹೋಗಿ’ ಎಂಬ ಒಳ್ಳೆಯ ಸಲಹೆ ನಿಮಗೆ ತಿರುಗುಬಾಣವಾಗಬಹುದು. ‘ಬೆಳಕಿನ ಚಿಕಿತ್ಸೆ ಮಾಡಿ ನೋಡಿದೆ, ಇನ್ನೂ ಕೆಟ್ಟಿತು’ ಎನ್ನುವವರಲ್ಲಿ ಹಲವರು ಎಡವಿದ್ದು ಇಲ್ಲೇ.

ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕೆಲಸಕ್ಕೆ ತಡವಾಗಿ ಹೋಗಲು ಅವಕಾಶವಿರುವ ಹತ್ತು ದಿನ ಆರಿಸಿಕೊಳ್ಳಿ, ಇಲ್ಲವೇ ರಜೆ ಹಾಕಿ. ಮೊದಲ ಎರಡು ದಿನ 9.30ಕ್ಕೆ ಏಳಿ, ಎದ್ದ ಹದಿನೈದು ನಿಮಿಷದೊಳಗೆ ಅರ್ಧ ಗಂಟೆ ಬಯಲಿನ ಬೆಳಕಿನಲ್ಲಿ ಇರಿ. ಮೋಡವಿದ್ದರೂ ಪರವಾಗಿಲ್ಲ, ಮನೆಯೊಳಗಿನ ದೀಪಕ್ಕಿಂತ ಅದು ಎಷ್ಟೋ ಪಾಲು ಹೆಚ್ಚು. ಹೊರಗೆ ಹೋಗಲಾಗದಿದ್ದರೆ 10,000 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಲೈಟ್ ಬಾಕ್ಸನ್ನು, ಅಂದರೆ ಪ್ರಖರ ಬೆಳಕಿನ ಪೆಟ್ಟಿಗೆಯನ್ನು, ತಯಾರಕರು ಹೇಳಿದ ಅಂತರದಲ್ಲಿ, ಸಾಮಾನ್ಯವಾಗಿ ಮುಖದಿಂದ ಒಂದು ಅಡಿಯ ಆಸುಪಾಸು, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ತಿಂಡಿ ತಿನ್ನಿ. ಕೋಣೆಯ ಆ ಮೂಲೆಯಲ್ಲಿಟ್ಟರೆ ಕಣ್ಣಿಗೆ ಸಿಗುವುದು ಹತ್ತರಲ್ಲಿ ಒಂದು ಪಾಲೂ ಅಲ್ಲ. ಮೂರನೆಯ ದಿನ 9ಕ್ಕೆ, ಐದನೆಯ ದಿನ 8.30ಕ್ಕೆ, ಎರಡು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಹನ್ನೊಂದನೆಯ ದಿನಕ್ಕೆ 7 ತಲುಪುತ್ತೀರಿ. ಮಲಗುವ ಹೊತ್ತು ಹಿಂದೆಯೇ ಬರುತ್ತದೆ: 2ರಿಂದ ಶುರುಮಾಡಿ ಅದೇ ಲಯದಲ್ಲಿ 11.30ಕ್ಕೆ. ಮಲಗುವ ಎರಡು ಗಂಟೆ ಮೊದಲಿನಿಂದ ಮನೆಯ ದೊಡ್ಡ ದೀಪಗಳನ್ನು ಆರಿಸಿ, ಒಂದೇ ಹಳದಿ ದೀಪದಲ್ಲಿರಿ. ಕಣ್ಣಿನ ಅಕ್ಷಿಪಟಲದ (ರೆಟಿನಾ) ಕಾಯಿಲೆ ಅಥವಾ ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇದ್ದವರು ವೈದ್ಯರನ್ನು ಕೇಳದೆ ಬೆಳಕಿನ ಚಿಕಿತ್ಸೆಗೆ ಇಳಿಯಬಾರದು, ಪ್ರಖರ ಬೆಳಕು ಉನ್ಮಾದವನ್ನು ಕೆರಳಿಸಬಲ್ಲದು.

ಮೆಲಟೋನಿನ್ ನಿಮಗೆ ಕೈಕೊಟ್ಟದ್ದಕ್ಕೆ ಕಾರಣ ಎರಡು: ಪ್ರಮಾಣ ಹೆಚ್ಚು, ಹೊತ್ತು ತಪ್ಪು. ಅದನ್ನು ನಿದ್ದೆ ಮಾತ್ರೆಯಂತೆ ನುಂಗಿದಿರಿ. ಅದು ‘ಕತ್ತಲಾಯಿತು’ ಎಂಬ ಸುದ್ದಿ ಮಾತ್ರ, ಸುದ್ದಿ ಮೊದಲೇ ಮುಟ್ಟಬೇಕು. ಗಡಿಯಾರ ಸರಿಸಲು 0.5 ಮಿಲಿಗ್ರಾಂ ಸಾಕು, ಆದರೆ ಸಹಜವಾಗಿ ನಿದ್ದೆ ಹತ್ತುವ ಹೊತ್ತಿಗಿಂತ ಸುಮಾರು ಐದು ಗಂಟೆ ಮೊದಲು ಬೇಕು. ನಿಮಗೆ ಶುರುವಿನಲ್ಲಿ ರಾತ್ರಿ 9ಕ್ಕೆ, ಆಮೇಲೆ ಮೆಟ್ಟಿಲಿನ ಜೊತೆ ಅರ್ಧರ್ಧ ಗಂಟೆ ಮುಂಚೆ. 10 ಮಿಲಿಗ್ರಾಂ ತೆಗೆದುಕೊಂಡಾಗ ಅದರ ಬಾಲ ಬೆಳಗಿನವರೆಗೆ ರಕ್ತದಲ್ಲಿ ಉಳಿದು, ಎದ್ದಾಗಲೂ ಮಿದುಳಿಗೆ ಇನ್ನೂ ರಾತ್ರಿ ಎಂದೇ ಹೇಳುತ್ತಿರುತ್ತದೆ. ತಲೆ ಭಾರ ಅದರದೇ. ಪೊಟ್ಟಣದ ಮೇಲಿನ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. 2017ರಲ್ಲಿ ಕೆನಡಾದಲ್ಲಿ ಮೂವತ್ತೊಂದು ಮೆಲಟೋನಿನ್ ಸಪ್ಲಿಮೆಂಟುಗಳನ್ನು ಪರೀಕ್ಷಿಸಿದಾಗ ಒಳಗಿದ್ದದ್ದು ಲೇಬಲ್ಲಿಗಿಂತ ಶೇ. 83ರಷ್ಟು ಕಡಿಮೆಯಿಂದ ಹಿಡಿದು ಶೇ. 478ರಷ್ಟು ಹೆಚ್ಚಿನವರೆಗೆ ಇತ್ತು. ವೈದ್ಯರು ಬರೆದುಕೊಟ್ಟ, ಔಷಧದ ದರ್ಜೆಯದನ್ನೇ ತೆಗೆದುಕೊಳ್ಳಿ. ಮೊದಲ ಕೆಲವು ದಿನ ಸಂಜೆ ಮಂಪರು ಬರುತ್ತದೆಯೇ ನೋಡಿ, ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.

ಎಡಿಎಚ್‌ಡಿಯೂ ತಡವಾದ ಗಡಿಯಾರವೂ ಇದ್ದ ವಯಸ್ಕರಲ್ಲಿ 0.5 ಮಿಲಿಗ್ರಾಂ ಮೆಲಟೋನಿನ್ ಮೂರು ವಾರದಲ್ಲಿ ಗಡಿಯಾರವನ್ನು ಸುಮಾರು ಒಂದೂವರೆ ಗಂಟೆ ಮುಂಚೆಗೆ ತಂದಿತ್ತು, ಎಡಿಎಚ್‌ಡಿ ಲಕ್ಷಣ ಶೇ. 14ರಷ್ಟು ಇಳಿದಿತ್ತು. ನಿಲ್ಲಿಸಿದ ಎರಡು ವಾರಕ್ಕೆ ಗಡಿಯಾರ ಮತ್ತೆ ಹಳೆಯ ಜಾಗಕ್ಕೆ ಹೋಯಿತು. ಗಡಿಯಾರ ಸರಿಸಿದರೆ ಸಾಲದು, ಹಿಡಿದು ನಿಲ್ಲಿಸಬೇಕು ಎಂದಾಯಿತು. ಹಿಡಿದು ನಿಲ್ಲಿಸುವುದು ಏಳುವ ಹೊತ್ತು. 7 ತಲುಪಿದ ಮೇಲೆ ರಜೆ ದಿನವೂ 8 ದಾಟಬಾರದು. ಎರಡು ದಿನ 10.30ರವರೆಗೆ ಮಲಗಿದರೆ ಸೋಮವಾರಕ್ಕೆ ಇಡೀ ವಾರದ ದುಡಿಮೆ ನೀರಿನಲ್ಲಿ ಹೋಮ.

ಅಲಾರಂ ನಾಲ್ಕು ಬೇಡ. 6.15ರಿಂದ 7ರವರೆಗೆ ನಾಲ್ಕು ಸಲ ಬಡಿದರೆ ಕೊನೆಯ ಮುಕ್ಕಾಲು ಗಂಟೆಯ ನಿದ್ದೆ ತುಂಡು ತುಂಡಾಗುತ್ತದೆ. ಒಂದೇ ಅಲಾರಂ, ಕೈಗೆ ಎಟುಕದ ಕಡೆ, ಕಿಟಕಿಯ ಪಕ್ಕ. ಅಲಾರಂ ಆರಿಸುವ ಕೈಯೇ ಪರದೆ ಸರಿಸಲಿ. ಎದ್ದ ಮೊದಲ ಅರ್ಧ ಗಂಟೆ ತಲೆ ಜಡವಾಗಿರುವುದು ಸಹಜ, ಆಗ ಏನನ್ನೂ ನೆನಪಿಟ್ಟುಕೊಳ್ಳುವ ಪರಿಸ್ಥಿತಿ ತಂದುಕೊಳ್ಳಬೇಡಿ. ಬಟ್ಟೆ, ಚೀಲ, ಕೀಲಿಕೈ ರಾತ್ರಿಯೇ ಬಾಗಿಲ ಬಳಿ ಇರಲಿ.

ರಾತ್ರಿಯ ಬಗ್ಗೆ ಒಂದು ಮಾತು, ಏಕೆಂದರೆ ಎಲ್ಲೆಡೆ ಸಿಗುವ ಸಾಮಾನ್ಯ ಸಲಹೆ ಎಡಿಎಚ್‌ಡಿ ಇರುವವರಿಗೆ ಅರ್ಧ ಮಾತ್ರ ಹೊಂದುತ್ತದೆ. ‘ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹೋಗಿ’ ಎನ್ನುತ್ತಾರೆ. ಸರಿಯಾದ ಮಾತೇ, ಆದರೆ ಎದ್ದ ಮೇಲೆ ಏನು ಮಾಡುವುದು ಎಂದು ಆಗ ಯೋಚಿಸಿದರೆ ಕೈಗೆ ಬರುವುದು ಫೋನು, ಮನಸ್ಸು ಸಿಕ್ಕಿಹಾಕಿಕೊಳ್ಳುವುದು ಹೊಸದೊಂದರಲ್ಲಿ, ನೋಡಿದರೆ 4 ಗಂಟೆ. ಆದ್ದರಿಂದ ಹಗಲೇ ತೀರ್ಮಾನಿಸಿ, ಬೇಸರ ತರಿಸುವ ಒಂದೇ ಕೆಲಸವನ್ನು ಕುರ್ಚಿಯ ಮೇಲೆ ಇಟ್ಟಿರಿ: ಮೊದಲೇ ಓದಿದ ಪುಸ್ತಕ, ಮಡಿಸಬೇಕಾದ ಬಟ್ಟೆ. ಫೋನಿನ ಚಾರ್ಜರ್ ಬೇರೆ ಕೋಣೆಯಲ್ಲಿರಲಿ. ಪೂರ್ತಿ ನಿಶ್ಶಬ್ದದಲ್ಲಿ ನಿಮ್ಮ ಮನಸ್ಸು ಇನ್ನೂ ಜೋರಾಗಿ ಓಡುವುದಾದರೆ ಫ್ಯಾನಿನಂಥ ಏಕತಾನದ ಸದ್ದು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮಲಗುವ ಮುನ್ನ ಐದು ನಿಮಿಷ ನಾಳೆ ಮಾಡಬೇಕಾದ್ದನ್ನು ಕಾಗದದ ಮೇಲೆ ಬಿಡಿಬಿಡಿಯಾಗಿ ಬರೆಯಿರಿ. 2018ರ ಒಂದು ಪ್ರಯೋಗದಲ್ಲಿ ಹೀಗೆ ಬರೆದವರಿಗೆ, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತ್ತು. ಎಡಿಎಚ್‌ಡಿಗೆಂದೇ ಮಾಡಿದ ಪ್ರಯೋಗವಲ್ಲ, ಆದರೂ ತಲೆಯಲ್ಲಿ ಸುತ್ತುವ ಪಟ್ಟಿಯನ್ನು ಹೊರಗಿಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನ 2ರ ನಂತರ ಕಾಫಿ ಬೇಡ.

ಮಾತ್ರೆಯ ವಿಷಯದಲ್ಲಿ ನೋಡಬೇಕಾದ್ದು ಡೋಸಿಗಿಂತ ಹೊತ್ತು. ಹನ್ನೆರಡು ಗಂಟೆಯ ಮಾತ್ರೆಯನ್ನು ರಜೆ ದಿನ 11ಕ್ಕೆ ತೆಗೆದುಕೊಂಡರೆ ಅದು ರಾತ್ರಿ 11ರವರೆಗೂ ಕೆಲಸ ಮಾಡುತ್ತದೆ. ಶನಿವಾರ, ಭಾನುವಾರ ಹೀಗಾದರೆ ಭಾನುವಾರ ರಾತ್ರಿ ನಿದ್ದೆ ದೂರ. ಗಡಿಯಾರ ಸರಿಸುವ ದಿನಗಳಲ್ಲೂ ಮಾತ್ರೆ 8.30 ಅಥವಾ ಎದ್ದ ಕೂಡಲೇ, ಅದಕ್ಕಿಂತ ಆಚೆ ಹೋಗಬಾರದು. ಇನ್ನೊಂದು ಕಡೆಯೂ ಇದೆ: ಕೆಲವರಿಗೆ ಸಂಜೆ ಮಾತ್ರೆ ಇಳಿಯುವಾಗ ಚಡಪಡಿಕೆ, ಸಿಡುಕು, ಯೋಚನೆಗಳ ನೂಕುನುಗ್ಗಲು ಒಮ್ಮೆಲೇ ಏರುತ್ತವೆ, ನಿದ್ದೆ ಕೆಡುವುದು ಅದರಿಂದ. ಅಂಥವರಿಗೆ ವೈದ್ಯರು ಸಂಜೆ ಸಣ್ಣ ಡೋಸ್ ಕೊಟ್ಟಾಗ ನಿದ್ದೆ ಸುಧಾರಿಸುವುದೂ ಉಂಟು. ನಿಮ್ಮದು ಯಾವ ಬಗೆ ಎಂಬುದನ್ನು ಆ ಎರಡು ವಾರದ ಹಾಳೆ ತೋರಿಸುತ್ತದೆ, ವೈದ್ಯರಿಗೆ ಅದನ್ನೇ ಒಯ್ಯಿರಿ. ನೀವಾಗಿಯೇ ಏರಿಸುವುದಾಗಲಿ ಬಿಡುವುದಾಗಲಿ ಬೇಡ.

ಇಷ್ಟೆಲ್ಲ ಹೇಳುವಾಗ ಬೇರೆ ಕಾಯಿಲೆ ಅಡಗಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಸಂಜೆ ಕೂತಾಗ, ಮಲಗಿದಾಗ ಕಾಲಿನೊಳಗೆ ಏನೋ ಹರಿದಂತೆ, ಎಳೆದಂತೆ ಆಗಿ, ಓಡಾಡಿದರೆ ಮಾತ್ರ ಸಮಾಧಾನವೇ? ಅದು ರೆಸ್ಟ್‌ಲೆಸ್ ಲೆಗ್ಸ್, ಎಡಿಎಚ್‌ಡಿ ಇರುವವರಲ್ಲಿ ಸಾಮಾನ್ಯ. ಆಗ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ರಕ್ತದ ಅಂಶ) ಪರೀಕ್ಷೆ ಮಾಡಿಸಿ. ಲ್ಯಾಬಿನ ವರದಿಯಲ್ಲಿ 20 ಎಂದರೂ ‘ನಾರ್ಮಲ್’ ಎಂದೇ ಅಚ್ಚಾಗಿರಬಹುದು, ಆದರೆ ಈ ಕಾಯಿಲೆಯಲ್ಲಿ ವಯಸ್ಕರಿಗೆ ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಚಿಕಿತ್ಸೆಯನ್ನು ಪರಿಗಣಿಸುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ವಾಸಿಯಾದ ಮೇಲೆ ಮಾಡಿಸಿ. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ನುಂಗಬೇಡಿ. ನಿದ್ದೆ ಬರಲೆಂದು ಶೀತ, ಅಲರ್ಜಿಯ ಮಂಪರು ಮಾತ್ರೆ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಅದು ಕಾಲಿನ ಕಾಟವನ್ನು ಹೆಚ್ಚಿಸುತ್ತದೆ.

ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು, ಎದ್ದಾಗ ತಲೆನೋವು ಇದ್ದರೆ ಸ್ಲೀಪ್ ಅಪ್ನಿಯಾ ತಪಾಸಣೆ ಬೇಕು. ಎಂಟು ಗಂಟೆ ಮಲಗಿದ ದಿನವೂ ಮಾತಾಡುತ್ತಲೇ ಜೋಂಪು ಹತ್ತಿದರೆ, ನಕ್ಕಾಗ ಮೊಣಕಾಲು ಕುಸಿದಂತಾದರೆ ನಾರ್ಕೊಲೆಪ್ಸಿ ಇದೆಯೇ ಎಂದು ನೋಡಬೇಕು. ಇವು ಯಾವುವೂ ಬೆಳಕಿನಿಂದ ಸರಿಹೋಗುವುದಿಲ್ಲ.

ಎಷ್ಟು ಸುಧಾರಣೆ ನಿರೀಕ್ಷಿಸಬಹುದು? ಸಂಶೋಧನೆಯ ಉತ್ತರ ಒಂದೇ ಸ್ವರದಲ್ಲಿಲ್ಲ. ಎಡಿಎಚ್‌ಡಿ ಇರುವ 105 ಮಕ್ಕಳಿಗೆ ನಾಲ್ಕು ವಾರ ಮೆಲಟೋನಿನ್ ಕೊಟ್ಟ 2007ರ ಅಧ್ಯಯನದಲ್ಲಿ ನಿದ್ದೆ ಸುಮಾರು 27 ನಿಮಿಷ ಬೇಗ ಹತ್ತಿತು, ಆದರೆ ಗಮನದ ಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ 244 ಮಕ್ಕಳ ಅಧ್ಯಯನದಲ್ಲಿ ಔಷಧವಿಲ್ಲದೆ, ನಿದ್ದೆಯ ಅಭ್ಯಾಸ ತಿದ್ದುವ ಎರಡು ಭೇಟಿ ಮತ್ತು ಒಂದು ಫೋನ್ ಕರೆಯಿಂದ ಲಕ್ಷಣಗಳು ಸ್ವಲ್ಪ ಇಳಿದವು, ಆರು ತಿಂಗಳಿಗೆ ವರ್ಕಿಂಗ್ ಮೆಮೊರಿಯೂ (ವಿಷಯವನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ) ಸುಧಾರಿಸಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ತೀರ್ಮಾನ ಇದು: ನಾಲ್ಕು ವಾರದ ಮಾತ್ರೆಗಿಂತ ಆರು ತಿಂಗಳ ಅಭ್ಯಾಸ ತಲೆಗೆ ಹೆಚ್ಚು ಮುಟ್ಟುತ್ತದೆ. ನಿಮ್ಮ ಜಾರಿಕೆಗಳು, ಮಧ್ಯಾಹ್ನದ ಮಂಕು, ಮೂರು ಸಲ ಓದುವುದು ಮೂರ್ನಾಲ್ಕು ವಾರದಲ್ಲಿ ತಗ್ಗಬೇಕು. ಕೆಲಸ ಶುರುಮಾಡಲು ಆಗದಿರುವುದು, ಹೊತ್ತಿನ ಅಂದಾಜು ತಪ್ಪುವುದು ಎಡಿಎಚ್‌ಡಿಯವು, ಅವು ಉಳಿಯುತ್ತವೆ. ಡೋಸಿನ ಮಾತನ್ನು ಆಗ ಎತ್ತಿ. ಅಷ್ಟು ಹೊತ್ತಿಗೆ ಉಳಿದದ್ದು ಏನೆಂದು ನಿಮಗೂ ವೈದ್ಯರಿಗೂ ಸ್ಪಷ್ಟವಾಗಿ ಕಾಣುತ್ತಿರುತ್ತದೆ.

7 ತಲುಪಿದ ಮೇಲೆ ಎಂದಾದರೂ ಒಂದು ರಾತ್ರಿ ಕೈತಪ್ಪಿ 3ಕ್ಕೆ ಮಲಗಿದಿರಿ ಎನ್ನಿ. ಮರುದಿನ 7ಕ್ಕೇ ಏಳಿ, ಬೆಳಕಿಗೆ ಹೋಗಿ, ಮಧ್ಯಾಹ್ನ 3ರೊಳಗೆ ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಲಗಿ. ಆ ದಿನ ಗಾಡಿ ಓಡಿಸುವುದನ್ನು ಬಿಡಿ, ಅಂಕಿ ಅಂಶದ ಕೆಲಸವನ್ನು ನಾಳೆಗೆ ದೂಡಿ. ಅಂದು ರಾತ್ರಿ ನಿದ್ದೆ ಎಳೆಯುತ್ತದೆಂದು 9ಕ್ಕೇ ಮಲಗಬೇಡಿ, 11ರವರೆಗಾದರೂ ಎಚ್ಚರವಿರಿ.